ಆಂಪ್ಲಿಫೈಯರ್ ಬೇಡ ಎನ್ನುವವರಿಗೆ ಉತ್ತರ

ಮಿರ್ಲೆಯಿಂದ ಕೆ.ಆರ್.ನಗರದ ಮೇಲೆ ಮೈಸೂರಿಗೆ ಓಡಾಡುವ ಕಾರಿನವರಲ್ಲಿ, ಕಂಪನಿಯ ಸ್ಪೀಕರ್ ತೆಗೆಸಿ ಆರೂವರೆ ಇಂಚಿನ ಒಳ್ಳೆಯ ಜೋಡಿ ಹಾಕಿಸಿಕೊಂಡವರು ಕಡಿಮೆಯಿಲ್ಲ. ಕೊಟ್ಟ ದುಡ್ಡಿಗೆ ತಕ್ಕ ಹಾಗೆ ಹಾಡು ಕೇಳಿಸುತ್ತಿಲ್ಲವಲ್ಲ ಎಂದು ಅವರು ಕೇಳಿದರೆ ನನ್ನದು ಒಂದೇ ಮಾತು: ಚಾನೆಲ್‌ಗೆ ಆರ್‌ಎಂಎಸ್, ಅಂದರೆ ನಿರಂತರ ಶಕ್ತಿಯ ಲೆಕ್ಕದಲ್ಲಿ 50 ವ್ಯಾಟ್ ಆಸುಪಾಸು ಕೊಡುವ, ನಾಲ್ಕು ಚಾನೆಲ್‌ನ ಸಾಧಾರಣ ಬೆಲೆಯ ಆಂಪ್ಲಿಫೈಯರ್ ಹಾಕಿಸಿ. ಈ ಮಾತನ್ನು ಒಪ್ಪದವರು ಊರಿನಲ್ಲೂ ಇದ್ದಾರೆ, ಅಂಗಡಿಗಳಲ್ಲೂ ಇದ್ದಾರೆ. ಅವರ ವಾದಗಳನ್ನು ಒಂದೊಂದಾಗಿ ಮುಂದಿಡುತ್ತೇನೆ. ತೀರ್ಪು ಓದುಗರದ್ದು.

ಮೊದಲ ವಾದ: ‘ಸ್ಟೀರಿಯೋ ಮೇಲೇ 50 ವ್ಯಾಟ್ × 4 ಅಂತ ಬರೆದಿದೆ, ಇನ್ನೊಂದು ಆಂಪ್ ಯಾತಕ್ಕೆ?’ ಬರೆದಿರುವುದು ನಿಜ. ಆದರೆ ಯಾವ 50? ಇಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಹೆಚ್ಚೆಂದರೆ 14.4 ವೋಲ್ಟ್. ಸ್ಪೀಕರ್ 4 ಓಮ್. ವೋಲ್ಟೇಜ್ ಹೆಚ್ಚಿಸುವ ಸರ್ಕ್ಯೂಟ್ ಸ್ಟೀರಿಯೋದೊಳಗೆ ಇಲ್ಲದ ಮೇಲೆ, ಅಲೆ ಕೆಡದ ಹಾಗೆ ಅದು ಕೊಡಬಲ್ಲದ್ದು ಗಣಿತದ ಪ್ರಕಾರವೇ 26 ವ್ಯಾಟ್ ದಾಟದು. ಹಾಗಾದರೆ 50 ಎಲ್ಲಿಂದ ಬಂತು? 14.4ರ ವರ್ಗವನ್ನು 4ರಿಂದ ಭಾಗಿಸಿ ನೋಡಿ, 51.8 ಬರುತ್ತದೆ. ಅಲೆಯ ತಲೆ ಪೂರ್ತಿ ಕತ್ತರಿಸಿ ಚೌಕವಾಗಿ, ಹಾಡು ಬರೀ ಗೊರಗೊರ ಆದಾಗಿನ ಲೆಕ್ಕ ಅದು. ಇದು ಗುಟ್ಟೇನಲ್ಲ. ಪಯೋನಿಯರ್ ಕಂಪನಿಯ ಹಲವು ಸ್ಟೀರಿಯೋಗಳ ಕೈಪಿಡಿಯಲ್ಲೇ ಗರಿಷ್ಠ 50 ವ್ಯಾಟ್‌ನ ಜೊತೆಗೆ ನಿರಂತರ ಶಕ್ತಿ 22 ವ್ಯಾಟ್ ಎಂದಿದೆ, ಅದೂ ಶೇ. 5ರಷ್ಟು ವಿರೂಪ ಒಪ್ಪಿಕೊಂಡು. ಕಂಪನಿಯೇ ಒಪ್ಪಿಕೊಂಡದ್ದನ್ನು ನಮ್ಮ ವಾದಿಗಳು ಒಪ್ಪುತ್ತಿಲ್ಲ.

ಇಲ್ಲಿ ಸ್ವಲ್ಪ ಓದಿಕೊಂಡವರು ಇನ್ನೊಂದು ಮಾತು ಎತ್ತುತ್ತಾರೆ: ‘22ರಿಂದ 50ಕ್ಕೆ ಹೋದರೂ ಹೆಚ್ಚುವುದು ಮೂರೂವರೆ ಡೆಸಿಬೆಲ್. ಅಷ್ಟಕ್ಕೆ ದುಡ್ಡು ಸುರಿಯಬೇಕೆ?’ ಲೆಕ್ಕ ಸರಿ, ತೀರ್ಮಾನ ತಪ್ಪು. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಹತ್ತರಷ್ಟು ವ್ಯಾಟ್ ಬೇಕು. 50 ವ್ಯಾಟ್ ಹಾಕಿಸಿದರೆ ಅಷ್ಟು ಜೋರಾಗುತ್ತದೆ ಎಂದು ನಾನು ಹೇಳಿಯೇ ಇಲ್ಲ. ಹಾಡಿನ ಸರಾಸರಿ ಶಕ್ತಿ ಮೂರು ನಾಲ್ಕು ವ್ಯಾಟ್ ಇದ್ದರೂ ತಮಟೆಗೆ ಪೆಟ್ಟು ಬಿದ್ದ ಕ್ಷಣದಲ್ಲಿ ಅದರ ಹತ್ತರಷ್ಟು ಬೇಕಾಗುತ್ತದೆ. ಆ ಕ್ಷಣದಲ್ಲಿ ಸ್ಟೀರಿಯೋ ಸೋಲುತ್ತದೆ, ಪೆಟ್ಟು ಮೊಂಡಾಗುತ್ತದೆ, ಗಾಯಕಿಯ ತಾರಸ್ಥಾಯಿ ಕಿರುಚುತ್ತದೆ. ಕಿಟಕಿ ಏರಿಸಿಕೊಂಡು 70ರ ವೇಗದಲ್ಲಿ ಹೋಗುವಾಗ ಟೈರಿನ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುತ್ತೇವಲ್ಲ, ಸೋಲು ಕಾಣಿಸಿಕೊಳ್ಳುವುದು ಆಗಲೇ. ಹೊಸ ಸ್ಪೀಕರ್ ಆ ಒಡಕನ್ನು ಹಳೆಯದಕ್ಕಿಂತ ಸ್ಪಷ್ಟವಾಗಿ ಕೇಳಿಸುತ್ತದೆ, ಅಷ್ಟೆ.

ಇನ್ನೊಂದು ವಾದ: ‘ಹೊರಗಿನ ಆಂಪ್ ಹಾಕಿದರೆ ಸ್ಪೀಕರ್ ಸುಟ್ಟುಹೋಗುತ್ತದೆ.’ ಇದನ್ನು ಹೇಳುವವರು ಬಹುಪಾಲು ಮೊದಲ ವಾದ ಹೂಡಿದವರೇ. ಸ್ಟೀರಿಯೋದ 50 ವ್ಯಾಟ್ ನಿಜವಾದ 50 ಆಗಿದ್ದರೆ, ಆಂಪ್‌ನ 50ರಿಂದ ಮಾತ್ರ ಸ್ಪೀಕರ್ ಸುಡುವುದು ಹೇಗೆ? ಆಂಪ್‌ನ 50 ಅದಕ್ಕಿಂತ ಬಲವಾದದ್ದು ಎನ್ನುವುದಾದರೆ, ಸ್ಟೀರಿಯೋ ಸಾಕು ಎಂಬ ವಾದ ಅಲ್ಲಿಗೇ ಬಿತ್ತು. ಎರಡರಲ್ಲಿ ಒಂದನ್ನು ಅವರು ಕೈಬಿಡಲೇಬೇಕು. ವಾಸ್ತವ ಏನೆಂದರೆ, ಸ್ಪೀಕರ್ ಸುಡುವುದು ಅದರ ಕಾಯಿಲ್ ತಾಳಲಾರದಷ್ಟು ಬಿಸಿಯಾದಾಗ. ಅಲೆಯ ತಲೆ ಕತ್ತರಿಸಿದಷ್ಟೂ ಸರಾಸರಿ ಶಕ್ತಿ ಏರುತ್ತದೆ, ಎರಡರಷ್ಟರವರೆಗೂ ಹೋಗಬಹುದು. ಮೊದಲು ಹೋಗುವುದು ಪುಟ್ಟ ಟ್ವೀಟರ್. ಚಿಕ್ಕ ಆಂಪ್‌ನ ಕತ್ತು ಹಿಸುಕಿ ಕೇಳುವವನ ಸ್ಪೀಕರಿಗೆ ಅಪಾಯವುಂಟು. 60 ವ್ಯಾಟ್ ತಾಳುವ ಸ್ಪೀಕರಿಗೆ 50 ವ್ಯಾಟ್ ಆಂಪ್ ಕೊಟ್ಟು, ತೀರಾ ತಗ್ಗಿನ ಸ್ವರಗಳನ್ನು ತಡೆಯುವ ಹೈಪಾಸ್ ಫಿಲ್ಟರನ್ನು 80 ಹರ್ಟ್ಸ್‌ಗೆ ಇಟ್ಟವನಿಗೆ ಆ ಅಪಾಯವಿಲ್ಲ. ಗೇನ್ ತಿರುಪು ವಾಲ್ಯೂಮ್ ಅಲ್ಲ ಎಂಬುದು ನೆನಪಿರಲಿ. ಸ್ಟೀರಿಯೋ ಕಳಿಸುವ ಸಿಗ್ನಲ್‌ಗೆ ಆಂಪನ್ನು ಹೊಂದಿಸಲು ಇರುವ ತಿರುಪು ಅದು; ಅದನ್ನು ಕೊನೆತನಕ ತಿರುಗಿಸಿ ಆಂಪ್‌ನ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ.

ಎದುರು ಪಕ್ಷದಲ್ಲಿ ಇನ್ನೊಂದು ಬಣವಿದೆ. ಅವರು ಆಂಪ್ ಬೇಡ ಎನ್ನುವುದಿಲ್ಲ: ‘ಹಾಕುವುದಾದರೆ 3000 ವ್ಯಾಟ್‌ನದ್ದೇ ಹಾಕು, ಕಡಿಮೆ ಬೆಲೆಗೆ ಸಿಗುತ್ತೆ.’ ನನಗೆ ಹೆಚ್ಚು ಕೋಪ ಬರುವುದು ಈ ವಾದದ ಮೇಲೆ, ಏಕೆಂದರೆ ಬಡವನ ದುಡ್ಡು ಹೋಗುವುದು ಇಲ್ಲೇ. ಪಂಪ್‌ಸೆಟ್ ಎಷ್ಟು ಎಳೆಯುತ್ತಿದೆ ಎಂದು ತಿಳಿಯಲು ನಮ್ಮ ರೈತ ಸ್ಟಾರ್ಟರ್ ಬೋರ್ಡಿನ ಆಂಪಿಯರ್ ಮೀಟರ್ ನೋಡುತ್ತಾನೆಯೇ ಹೊರತು ಮೋಟರಿನ ಬಣ್ಣವನ್ನಲ್ಲ. ಇಲ್ಲೂ ಹಾಗೆಯೇ ಮಾಡಿ. ಆಂಪ್ ತಿರುಗಿಸಿ, ಪವರ್ ಟರ್ಮಿನಲ್ ಪಕ್ಕದ ಫ್ಯೂಸ್ ನೋಡಿ. 30 ಆಂಪಿಯರ್ ಇದೆ ಅನ್ನಿ. 14 ವೋಲ್ಟಿಗೆ ಗುಣಿಸಿದರೆ 420 ವ್ಯಾಟ್. ಒಳಗೆ ಹೋಗುವುದೇ ಇಷ್ಟು. ಎಬಿ ಕ್ಲಾಸ್ ಆದರೆ ಅರ್ಧಕ್ಕಿಂತ ತುಸು ಹೆಚ್ಚು ಹೊರಗೆ ಬರುತ್ತದೆ, ಉಳಿದದ್ದು ಶಾಖ. ಡಿ ಕ್ಲಾಸ್ ಆದರೆ ಶೇ. 80ರಷ್ಟು ಬಂದೀತು. 420 ಒಳಗೆ ಹೋಗಿ 3000 ಹೊರಗೆ ಬರುವ ಯಂತ್ರ ಜಗತ್ತಿನಲ್ಲಿ ಇಲ್ಲ. ಅಂಗೈ ಅಗಲದ ಬೋರ್ಡ್ ಆಂಪ್‌ಗಳ ಕಥೆಯೂ ಇದೇ. ಟಿಡಿಎ 7388ನಂಥ ಐಸಿಯನ್ನೇ ಅವುಗಳಲ್ಲಿ ಕೂರಿಸಿರುತ್ತಾರೆ; ಅದು ಕಾರ್ ಸ್ಟೀರಿಯೋಗೆಂದೇ ತಯಾರಾದ ಐಸಿ. ಸ್ಟೀರಿಯೋದಲ್ಲಿ ಆಗಲೇ ಇರುವುದನ್ನು ಮತ್ತೆ ದುಡ್ಡು ಕೊಟ್ಟು ತಂದಂತಾಯಿತು. ವಿಶ್ವಾಸಾರ್ಹ ಅಳತೆ ಬೇಕೆನ್ನುವವರಿಗೆ ಸಿಇಎ 2006 ಎಂಬ ಮಾನದಂಡವೂ ಇದೆ: 14.4 ವೋಲ್ಟ್, 4 ಓಮ್, ವಿರೂಪ ಶೇ. 1ರೊಳಗೆ.

‘ಬ್ಯಾಟರಿ ಇಳಿದುಹೋಗುತ್ತದೆ’ ಎಂಬ ವಾದಕ್ಕೆ ಹೆಡ್‌ಲೈಟ್ ಸಾಕ್ಷಿ. ಎಚ್4 ಬಲ್ಬ್ ಎರಡೂ ಹೈಬೀಮ್‌ನಲ್ಲಿ ಉರಿದರೆ 120 ವ್ಯಾಟ್. ಹಾಡು ಎಂದೂ ಪೂರ್ಣ ಶಕ್ತಿಯಲ್ಲಿ ನಿಂತು ಓಡುವುದಿಲ್ಲವಾದ್ದರಿಂದ, 50 × 4 ಆಂಪ್ ಸರಾಸರಿಯಲ್ಲಿ ಎಳೆಯುವುದು ಇದನ್ನು ಮೀರುವುದು ಅಪರೂಪ. ರಾತ್ರಿ ಚುಂಚನಕಟ್ಟೆಯಿಂದ ಲೈಟ್ ಹಾಕಿಕೊಂಡು ಬಂದರೆ ಇಳಿಯದ ಬ್ಯಾಟರಿ ಹಾಡಿಗೆ ಇಳಿಯುತ್ತದೆಯೇ? ನಿಲ್ಲಿಸಿದ ಕಾರಿನಲ್ಲಿ ಬೆಳಗಾಗುವುದರೊಳಗೆ ಬ್ಯಾಟರಿ ಇಳಿದಿದ್ದರೆ ರಿಮೋಟ್ ವೈರ್ ಎಲ್ಲಿಗೆ ಹೋಗಿದೆ ನೋಡಿ. ಸಾಮಾನ್ಯವಾಗಿ ನೀಲಿಗೆ ಬಿಳಿ ಪಟ್ಟಿಯ ಆ ವೈರ್ ಸ್ಟೀರಿಯೋ ಜೊತೆ ಆಂಪನ್ನೂ ಆರಿಸಬೇಕು. ಅದನ್ನು ನೇರ ಬ್ಯಾಟರಿ ಲೈನ್‌ಗೆ ಸುತ್ತಿದ್ದರೆ ತಪ್ಪು ಕೆಲಸಗಾರನದ್ದು.

ಉಳಿದವು ಸಣ್ಣವು. ‘ಮೊದಲು ಬಾಸ್ ಟ್ಯೂಬ್ ಹಾಕು’ ಎನ್ನುವವರ ಕಿವಿ ಟ್ರ್ಯಾಕ್ಟರಿನ ಬಾಕ್ಸ್‌ಗೆ ಒಗ್ಗಿದೆ. ಮನುಷ್ಯರ ದನಿ ಬರುವುದು ಡೋರ್ ಸ್ಪೀಕರಿನಿಂದ. ಬಾಸ್ ಬೇಕಾದಾಗ ಇದೇ ಆಂಪ್‌ನ ಹಿಂದಿನ ಎರಡು ಚಾನೆಲ್ ಸೇರಿಸಿ ಸಬ್‌ವೂಫರ್ ಓಡಿಸಬಹುದು. ‘ಆಂಪ್‌ಗೆ ಸಿಗ್ನಲ್ ಕೊಡಲು ಸ್ಟೀರಿಯೋದಲ್ಲಿ ಆರ್‌ಸಿಎ ಇಲ್ಲ’ ಎನ್ನುವವರಿಗೆ ಸ್ಪೀಕರ್ ವೈರಿನಿಂದಲೇ ಸಿಗ್ನಲ್ ಪಡೆಯುವ ಹೈ ಲೆವೆಲ್ ಇನ್‌ಪುಟ್ ಇರುವ ಆಂಪ್‌ಗಳಿವೆ. ‘ವೈರ್ ಯಾವುದಾದರೇನು’ ಎಂಬುದನ್ನು ಮಾತ್ರ ಹಗುರವಾಗಿ ಬಿಡಲಾಗದು, ಅದು ಬೆಂಕಿಯ ವಿಷಯ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರ್ ಅಪ್ಪಟ ತಾಮ್ರದಷ್ಟು ಕರೆಂಟ್ ತಾಳದು. 8 ಗೇಜಿನ ತಾಮ್ರವೇ ಇರಲಿ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲಿ. ಅರ್ಥ್ ಕೊಡುವ ಕಡೆ ಪೇಂಟ್ ಕೆರೆದು ಲೋಹಕ್ಕೇ ಬೋಲ್ಟ್ ಬೀಳಲಿ.

ದುಡ್ಡು ಕೊಡುವ ಮುಂಚೆ ಅಂಗಡಿಯವರನ್ನು ಎರಡೇ ಕೇಳಿ: 4 ಓಮ್‌ಗೆ ಆರ್‌ಎಂಎಸ್ ಎಷ್ಟು, ಫ್ಯೂಸ್ ಎಷ್ಟು ಆಂಪಿಯರ್. ಎರಡಕ್ಕೂ ತಾಳೆಯಾಗುವ ಉತ್ತರ ಸಿಗದಿದ್ದರೆ ಆ ಆಂಪ್ ತರಬೇಡಿ.