ಶಿಕ್ಷಣದ ಬಾಗಿಲಲ್ಲಿ ಹೊಸ ಜಾಬರ್

ಹತ್ತನೆಯ ಮತ್ತು ಹನ್ನೆರಡನೆಯ ಇಯತ್ತೆಯ ಫಲಿತಾಂಶಗಳು ಹೊರಬಿದ್ದಾಗ ನಮ್ಮ ಚಾಳುಗಳಲ್ಲಿ ಪೇಢೆ ಹಂಚುವ ಸಂಭ್ರಮ ಎರಡು ದಿನದ್ದು. ಮೂರನೆಯ ದಿನದಿಂದ ಚಿಂತೆ ಆರಂಭವಾಗುತ್ತದೆ. ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕು? ಅರ್ಜಿ ಎಲ್ಲಿ ಹಾಕಬೇಕು? ಹಣ ಎಲ್ಲಿಂದ ತರಬೇಕು? ಬೆಳಿಗ್ಗೆ ಐದಕ್ಕೆ ಒಲೆಯ ಮುಂದೆ ನಿಂತು ರಾತ್ರಿ ಹನ್ನೊಂದಕ್ಕೆ ಮನೆಗೆ ಬರುವ ಹೋಟೆಲ್ ಕಾರ್ಮಿಕನಿಗೆ ಇದನ್ನೆಲ್ಲ ವಿಚಾರಿಸಲು ಹೊತ್ತೆಲ್ಲಿದೆ? ಅವನ ಈ ಅಸಹಾಯಕತೆಯನ್ನೇ ಬಂಡವಾಳ ಮಾಡಿಕೊಂಡ ಒಂದು ವರ್ಗ ಇಂದು ಎಲ್ಲ ನಗರಗಳಲ್ಲೂ ತಲೆಯೆತ್ತಿದೆ. ಬೋರ್ಡಿನ ಮೇಲೆ ಅವರ ಹೆಸರು ‘ಅಡ್ಮಿಶನ್ ಕೌನ್ಸೆಲರ್’. ಅವರಲ್ಲಿ ಅನೇಕರಿಗೆ ಒಪ್ಪುವ ಹಳೆಯ ಹೆಸರೊಂದು ನಮ್ಮ ಗಿರಣಿಗಾರರಿಗೆ ಚೆನ್ನಾಗಿ ಗೊತ್ತು.

ಅದು ಜಾಬರ್ ಎಂಬ ಹೆಸರು. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಒಂದು ಕಾಲಕ್ಕೆ ಜಾಬರನ ಕೃಪೆಯಿಲ್ಲದೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಸಾಂಚೆಯ ಮುಂದೆ ನಿಲ್ಲಬೇಕಾದರೆ ಅವನ ಕೈಗೆ ದಸ್ತೂರಿ ಬೀಳಬೇಕಾಗಿತ್ತು. ಕೆಲಸ ಕೊಡುತ್ತಿದ್ದುದು ಗಿರಣಿ, ಸಂಬಳ ಕೊಡುತ್ತಿದ್ದುದೂ ಗಿರಣಿ. ಆದರೆ ಬಾಗಿಲಲ್ಲಿ ನಿಂತವನು ಬಾಗಿಲೇ ತನ್ನದೆಂದು ನಂಬಿಸಿದ್ದ. 1931ರಲ್ಲಿ ವರದಿ ಕೊಟ್ಟ ವ್ಹಿಟ್ಲೆ ಆಯೋಗವು ಈ ಲಂಚದ ಪದ್ಧತಿಯನ್ನು ಖಂಡಿಸಿತು. 1935ರಲ್ಲಿ ಮುಂಬಯಿ ಗಿರಣಿಗಳಲ್ಲಿ ಬದಲಿ ಕಾರ್ಮಿಕರಿಗೆ ಕಾರ್ಡು ಕೊಟ್ಟು ಪಟ್ಟಿ ಮಾಡುವ ವ್ಯವಸ್ಥೆ ಬಂದಿತು. ಜಾಬರನ ಹಿಡಿತ ಒಂದೇ ದಿನದಲ್ಲಿ ಹೋಗಲಿಲ್ಲ. ಆದರೆ ಸರತಿ ಎಲ್ಲರಿಗೂ ಕಾಣುವಂತಾದಲ್ಲಿ ದಸ್ತೂರಿಗೆ ಜಾಗ ಕಡಮೆಯಾಯಿತು.

ಈಚೆಗೆ ನಮ್ಮ ಕಚೇರಿಗೆ ಬಂದ ಬಂಧುವೊಬ್ಬರ ಕಥೆ ಕೇಳಿ ನಮಗೆ ಆ ಜಾಬರನೇ ಎದ್ದು ಬಂದನೆನಿಸಿತು. ಅವರು ಹೋಟೆಲಿನಲ್ಲಿ ದೋಸೆ ಕಲ್ಲಿನ ಮುಂದೆ ಇಪ್ಪತ್ತು ವರ್ಷ ಸವೆಸಿದವರು. ಅವರ ತಂದೆ ಗಿರಣಿಯಲ್ಲಿ ದುಡಿದವರು. ಮಗಳು ಒಳ್ಳೆಯ ಅಂಕ ಪಡೆದಿದ್ದಳು. ಕೌನ್ಸೆಲರ್ ಒಬ್ಬ, ‘ನೀವು ಹೊರಗಿನವರು, ಇಲ್ಲಿ ನಿಮಗೆ ಯಾವ ಸವಲತ್ತೂ ಇಲ್ಲ, ಮ್ಯಾನೇಜ್‌ಮೆಂಟ್ ಸೀಟೊಂದೇ ಗತಿ’ ಎಂದ. ಮಡದಿಯ ಬಳೆ ಅಡವಿಗೆ ಹೋಯಿತು. ಮಗಳ ಮೂಲ ಪ್ರಮಾಣಪತ್ರಗಳು ಅವನ ಕೈಸೇರಿದುವು. ಮನೆಯ ಟ್ರಂಕಿನಲ್ಲಿ ಅಜ್ಜನ ರಾತ್ರಿಶಾಲೆಯ ಲೀವಿಂಗ್ ಸರ್ಟಿಫಿಕೇಟು ಇತ್ತೆಂಬುದು ಅವರಿಗೆ ನೆನಪಾದದ್ದು ಎಲ್ಲ ಮುಗಿದ ಮೇಲೆ.

ಆ ಹಳೆಯ ಕಾಗದದ ಬೆಲೆಯೇನೆಂಬುದನ್ನು ನಮ್ಮ ಬಾಂಧವರೆಲ್ಲರೂ ತಿಳಿದಿರಬೇಕು. ಮಹಾರಾಷ್ಟ್ರದಲ್ಲಿ ಇತರ ಹಿಂದುಳಿದ ವರ್ಗದ ಪ್ರಮಾಣಪತ್ರ ಪಡೆಯಲು, ಕುಟುಂಬವು 1967ರ ಅಕ್ಟೋಬರ್ 13ಕ್ಕೆ ಮೊದಲೇ ಈ ರಾಜ್ಯದಲ್ಲಿ ನೆಲೆಸಿತ್ತೆಂದು ತೋರಿಸಬೇಕು. ಪರಿಶಿಷ್ಟ ಜಾತಿಯವರಿಗೆ ಆ ದಿನ 1950ರ ಆಗಸ್ಟ್ 10. ತಮ್ಮ ಜಾತಿ ಇಲ್ಲಿಯ ಪಟ್ಟಿಯಲ್ಲಿಯೂ ಇರಬೇಕು ಎಂಬುದು ನಿಜ. ಆದರೆ ಪಟ್ಟಿಯಲ್ಲಿರುವವರಿಗೆ ಅಜ್ಜನ ಶಾಲೆಯ ದಾಖಲೆ, ಗಿರಣಿಯ ಹಳೆಯ ಕಾಗದ, ಚಾಳಿನ ಬಾಡಿಗೆ ಚೀಟಿ ಇವೇ ಆಧಾರ. ಹಗಲು ಮೇಜು ಒರೆಸಿ, ರಾತ್ರಿ ಮೊಗವೀರ ರಾತ್ರಿಶಾಲೆ, ಗುರುನಾರಾಯಣ ರಾತ್ರಿಶಾಲೆಗಳಂಥ ಶಾಲೆಗಳ ಬೆಂಚಿನ ಮೇಲೆ ತೂಕಡಿಸುತ್ತಾ ಅಕ್ಷರ ಕಲಿತ ಹಿರಿಯರು ತಮಗರಿವಿಲ್ಲದೆಯೇ ಮೊಮ್ಮಕ್ಕಳಿಗೆ ಒಂದು ಆಸ್ತಿಯನ್ನು ಬಿಟ್ಟುಹೋಗಿದ್ದಾರೆ.

ಮೇಲೆ ಹೇಳಿದ ಬಂಧುವಿನ ಮಗಳಿಗಾದ ನಷ್ಟ ಎಷ್ಟೆಂಬುದನ್ನೂ ನೋಡೋಣ. 2024ರ ಜುಲೈಯಲ್ಲಿ ಮಹಾರಾಷ್ಟ್ರ ಸರ್ಕಾರ ಹೊರಡಿಸಿದ ಆದೇಶದಂತೆ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಳೊಳಗಿದ್ದು, ಇತರ ಹಿಂದುಳಿದ ವರ್ಗ, ಸಾಮಾಜಿಕ ಮತ್ತು ಶೈಕ್ಷಣಿಕ ಹಿಂದುಳಿದ ವರ್ಗ ಅಥವಾ ಆರ್ಥಿಕ ದುರ್ಬಲ ವರ್ಗಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ವೃತ್ತಿ ಶಿಕ್ಷಣದಲ್ಲಿ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ ಎರಡೂ ಪೂರ್ತಿ ಮಾಫಿ. ಆದರೆ ಪ್ರವೇಶ ಸರ್ಕಾರದ ಕೇಂದ್ರೀಕೃತ ಪದ್ಧತಿಯ ಮೂಲಕ ಆಗಿರಬೇಕು. ಮ್ಯಾನೇಜ್‌ಮೆಂಟ್ ಸೀಟಿಗೆ ಈ ಸವಲತ್ತಿಲ್ಲ. ಅಂದರೆ ‘ಸೀಟು ಕೊಡಿಸಿದೆ’ ಎಂದು ಬೀಗಿದವನು ನಿಜವಾಗಿ ಕೊಡಿಸಿದ್ದು ಸಾಲವನ್ನು; ಕಳೆದದ್ದು ಮಾಫಿಯನ್ನು.

ಕರ್ನಾಟಕದ ಕಡೆಯ ಬಾಗಿಲೊಂದೂ ನಮ್ಮ ಮಕ್ಕಳಿಗೆ ತೆರೆದಿದೆ. ಅಲ್ಲಿಯ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿ.ಇ.ಟಿ.ಯಲ್ಲಿ ಹೊರನಾಡ ಮತ್ತು ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮಗಳಿವೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರುವ ಹೊರನಾಡಿನ ಮಕ್ಕಳೂ, ಕಾಸರಗೋಡು, ಮಂಜೇಶ್ವರ, ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ ಮೊದಲಾದ ಗಡಿ ತಾಲ್ಲೂಕುಗಳ ಮಕ್ಕಳೂ ನಿಯಮದ ಷರತ್ತುಗಳಿಗೆ ಒಳಪಟ್ಟರೆ ಅರ್ಜಿ ಹಾಕಬಹುದು. ಅವರಿಗಾಗಿ 50 ಅಂಕಗಳ ಕನ್ನಡ ಪರೀಕ್ಷೆಯಿದೆ. 12 ಅಂಕ ಬಂದರೆ ಸಾಕು. ಮನೆಯಲ್ಲಿ ಕನ್ನಡ ಓದು ಬರಹ ಉಳಿಸಿಕೊಂಡ ಮಗುವಿಗೆ ಇದು ದೊಡ್ಡ ಮಾತಲ್ಲ. ಆದರೆ ಕನ್ನಡವನ್ನೇ ಕಲಿಸದೆ ಬೆಳೆಸಿದ ಮಗುವಿಗೆ ಆ ಹನ್ನೆರಡು ಅಂಕಗಳೂ ಗಗನಕುಸುಮ. ‘ಕನ್ನಡ ಕಲಿತರೆ ಏನು ಸಿಗುತ್ತದೆ?’ ಎಂದು ಕೇಳುವ ತಂದೆತಾಯಿಗಳು ಇದನ್ನು ಗಮನಿಸಲಿ. ಷರತ್ತುಗಳನ್ನು ಮಾತ್ರ ಆಯಾ ವರ್ಷದ ಪುಸ್ತಿಕೆಯಲ್ಲಿಯೇ ಓದಿಕೊಳ್ಳಬೇಕು.

ಈ ಪಿಡುಗು ಮುಂಬಯಿಯೊಂದರದೇ ಅಲ್ಲ. ನಮ್ಮವರು ಹೋಟೆಲು ಕಟ್ಟಿ ಬಾಳುತ್ತಿರುವ ವಿಜಯವಾಡ, ವಿಶಾಖಪಟ್ಟಣಗಳ ಕಡೆಗೆ ಹೋದರೆ, ಹತ್ತನೆಯ ತರಗತಿಯ ಪರೀಕ್ಷೆ ಮುಗಿಯುವ ಮೊದಲೇ ಖಾಸಗಿ ಜೂನಿಯರ್ ಕಾಲೇಜುಗಳ ಪಿ.ಆರ್.ಓ.ಗಳು ಮನೆ ಬಾಗಿಲಿಗೆ ಬರುವುದನ್ನು ಕಾಣಬಹುದು. ಕರ್ನಾಟಕದಲ್ಲಿಯೂ 2024ರಲ್ಲಿ ಎಂಜಿನಿಯರಿಂಗ್ ಸೀಟುಗಳನ್ನು ಮೋಸದಿಂದ ತಡೆಹಿಡಿದ ಹಗರಣ ಹೊರಬಿದ್ದು, ಪರೀಕ್ಷಾ ಪ್ರಾಧಿಕಾರವೇ ಪೊಲೀಸರ ಬಳಿಗೆ ಹೋಗಬೇಕಾಯಿತು. ಸಿರಿವಂತ ಅಮೆರಿಕವೂ ಇದರಿಂದ ಮುಕ್ತವಲ್ಲ. ಅಲ್ಲಿ ಈ ವೃತ್ತಿಯವರ ಸಂಘ 1937ರಲ್ಲಿಯೇ ಹುಟ್ಟಿತು. ವಿದ್ಯಾರ್ಥಿಗಳನ್ನು ಸೇರಿಸಿದ ಲೆಕ್ಕದ ಮೇಲೆ ಕಮಿಶನ್ ಕೊಡುವುದನ್ನು, ಸರ್ಕಾರದ ನೆರವು ಪಡೆಯುವ ಕಾಲೇಜುಗಳಿಗೆ 1992ರ ಕಾನೂನು ನಿಷೇಧಿಸಿತು. ಆದರೂ 2019ರಲ್ಲಿ ರಿಕ್ ಸಿಂಗರ್ ಎಂಬ ಸಲಹೆಗಾರ ಶ್ರೀಮಂತರ ಮಕ್ಕಳನ್ನು ಲಂಚ, ಸುಳ್ಳು ದಾಖಲೆಗಳ ಮೂಲಕ ಹೆಸರಾಂತ ಕಾಲೇಜುಗಳಿಗೆ ನುಗ್ಗಿಸಿದ್ದು ಬಯಲಾಯಿತು. 2023ರಲ್ಲಿ ಅವನಿಗೆ ಮೂರೂವರೆ ವರ್ಷ ಸೆರೆಯಾಯಿತು. ಇನ್ನೊಂದು ಮಾತು: ಅಮೆರಿಕದ ಆ ಕಮಿಶನ್ ನಿಷೇಧ ವಿದೇಶೀ ವಿದ್ಯಾರ್ಥಿಗಳಿಗೆ ಅನ್ವಯಿಸುವುದಿಲ್ಲ. ತನ್ನ ಮಕ್ಕಳಿಗೆ ಬೇಡವೆಂದು ಅಲ್ಲಿ ತಡೆದದ್ದನ್ನು ನಮ್ಮ ಮಕ್ಕಳ ವಿಷಯದಲ್ಲಿ ತಡೆದಿಲ್ಲ.

ಸಲಹೆಗಾರರೆಲ್ಲರೂ ಮೋಸಗಾರರೆಂದು ನಾವು ಹೇಳುವುದಿಲ್ಲ. ಮಗುವಿನ ಒಲವನ್ನು ಅರಿತು, ಮನೆಯ ಶಕ್ತಿಯನ್ನು ನೋಡಿ, ನೇರವಾದ ಮಾತು ಹೇಳುವ ಸಜ್ಜನರೂ ಇದ್ದಾರೆ. ಅವರಿಗೆ ಸಲ್ಲಬೇಕಾದ ಶುಲ್ಕ ಸಲ್ಲಲಿ. ಆದರೆ ಒಂದು ಪ್ರಶ್ನೆಯನ್ನು ಕೇಳದೆ ಯಾರ ಮುಂದೆಯೂ ಕುಳಿತುಕೊಳ್ಳಬೇಡಿ: ‘ಸ್ವಾಮೀ, ನಿಮಗೆ ಹಣ ಕೊಡುವವರು ಯಾರು? ನಾನೋ, ಕಾಲೇಜೋ?’ ಕಾಲೇಜಿನಿಂದ ಕಮಿಶನ್ ಪಡೆಯುವವನು ಕಾಲೇಜಿನ ಆಳು. ಅವನ ಮಾತನ್ನು ಸಲಹೆಯೆಂದು ಕೇಳಬೇಡಿ, ಜಾಹೀರಾತೆಂದು ಕೇಳಿ.

ಕಾನೂನೂ ನಮ್ಮ ಬೆನ್ನಿಗಿದೆ. ಕ್ಯಾಪಿಟೇಶನ್ ಶುಲ್ಕವನ್ನು ಕರ್ನಾಟಕ 1984ರಲ್ಲಿ, ಮಹಾರಾಷ್ಟ್ರ 1987ರಲ್ಲಿ ಶಾಸನಗಳ ಮೂಲಕ ನಿಷೇಧಿಸಿದುವು. ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸಿ ಕೂಡಲೇ ಹಿಂದಿರುಗಿಸಬೇಕು, ಇಟ್ಟುಕೊಳ್ಳಬಾರದು ಎಂದು ಯು.ಜಿ.ಸಿ. 2018ರಲ್ಲಿ ಕಾಲೇಜುಗಳಿಗೆ ತಿಳಿಸಿದೆ. ಕಾಲೇಜಿಗೇ ಇಲ್ಲದ ಹಕ್ಕು ದಲ್ಲಾಳಿಗೆ ಎಲ್ಲಿಂದ ಬಂತು?

ಆದರೆ ಕಾನೂನು ಪುಸ್ತಕದಲ್ಲಿದ್ದರೆ ಸಾಲದು. ಅದನ್ನು ಕಾರ್ಮಿಕನ ಕೈಗೆ ತಲುಪಿಸುವವರು ಬೇಕು. ಹಿಂದೆ ಊರಿನಿಂದ ಬಂದ ಹುಡುಗನನ್ನು ಗಲ್ಲೆಯ ಮೇಲಿನ ಹಿರಿಯನೋ, ಜತೆಯ ಸಪ್ಲಾಯರನೋ ಕೈಹಿಡಿದು ರಾತ್ರಿಶಾಲೆಗೆ ಕರೆದೊಯ್ದು, ‘ಇವನ ಹೆಸರು ಬರೆದುಕೊಳ್ಳಿ ಮಾಸ್ತರೇ’ ಎನ್ನುತ್ತಿದ್ದ. ಅವನು ಕಮಿಶನ್ ಕೇಳಲಿಲ್ಲ. ನಮ್ಮ ಸಮಾಜದ ಮೊದಲ ಅಡ್ಮಿಶನ್ ಕೌನ್ಸೆಲರ್ ಅವನೇ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದುವು, ಜನ ಚದರಿದರು. ಕೈಹಿಡಿಯುವ ಆ ಪದ್ಧತಿಯೂ ಸಡಿಲವಾಯಿತು. ತೆರವಾದ ಆ ಜಾಗದಲ್ಲಿ ದಲ್ಲಾಳಿ ಬಂದು ಕುಳಿತ.

ಆ ಜಾಗವನ್ನು ನಾವೇ ಮರಳಿ ತುಂಬಬೇಕು. ಪ್ರವೇಶದ ದಿನಗಳಲ್ಲಿ ಪ್ರತಿ ರವಿವಾರ ಸಂಘದ ಕಚೇರಿಯಲ್ಲಿ ಒಂದು ಮೇಜು ಹಾಕಿ, ಈಗಾಗಲೇ ಕಾಲೇಜು ಮೆಟ್ಟಿಲು ಹತ್ತಿರುವ ನಮ್ಮ ಕಾರ್ಮಿಕರ ಮಕ್ಕಳನ್ನೇ ಅಲ್ಲಿ ಕೂರಿಸಬೇಕೆಂದು ನಾವು ಕಾರ್ಯಕಾರಿ ಸಮಿತಿಯನ್ನು ಒತ್ತಾಯಪಡಿಸುತ್ತೇವೆ. ಆ ಮೇಜಿಗೆ ನಿಯಮಗಳು ನಾಲ್ಕೇ ಇರಲಿ: ಹಣ ಮುಟ್ಟಬಾರದು, ಮೂಲ ಕಾಗದ ಇಟ್ಟುಕೊಳ್ಳಬಾರದು, ಸೀಟಿನ ಭರವಸೆ ಕೊಡಬಾರದು, ತಂದೆಯೊಡನೆ ಮಾತ್ರವಲ್ಲ, ಓದಬೇಕಾದ ಮಗಳೊಡನೆಯೂ ಮಾತಾಡಬೇಕು.

ಓದುಗ ಬಾಂಧವರಲ್ಲಿ ನಮ್ಮದೊಂದೇ ವಿನಂತಿ. ಫಲಿತಾಂಶದ ದಿನಕ್ಕಾಗಿ ಕಾಯಬೇಡಿ. ಈ ರವಿವಾರವೇ ಮನೆಯ ಟ್ರಂಕು ತೆರೆಯಿರಿ. ಅಜ್ಜನ ಕಾಗದಗಳನ್ನು ಹುಡುಕಿ, ಧೂಳು ಕೊಡವಿ, ಜೋಪಾನವಾಗಿಡಿ. ಜಾಬರನನ್ನು ಒಮ್ಮೆ ಬಾಗಿಲಿನಿಂದ ಸರಿಸಿದ ಜನ ನಾವು. ಅವನು ಕೋಟು ಹಾಕಿಕೊಂಡು ಬಂದ ಮಾತ್ರಕ್ಕೆ ಗುರುತು ತಪ್ಪಬಾರದು.