ಕೂಲಿಯ ಲೆಕ್ಕವಿಲ್ಲದ ಪ್ರವಾಸ ಕಥನ

ಒಂದು ವರ್ಷ ಹೊರದೇಶಕ್ಕೆ ಹೋಗಬೇಕು, ಖರ್ಚಿಗೆ ಸಿಕ್ಕಿದ ಕೆಲಸ ಮಾಡಬೇಕು, ಉಳಿದ ದಿನ ಸುತ್ತಬೇಕು, ವಾಪಸ್ ಬಂದು ಪುಸ್ತಕ ಬರೆಯಬೇಕು. ಗುಬ್ಬಿ, ಕುಣಿಗಲ್ ಕಡೆಯಿಂದ ಬಂದು ತುಮಕೂರಿನಲ್ಲಿ ಎಂ.ಎ., ಪಿಎಚ್.ಡಿ. ಮಾಡುತ್ತಿರುವ ನನ್ನ ಓರಗೆಯವರ ಬಾಯಲ್ಲಿ ಈ ಮಾತು ಈಚೆಗೆ ಪದೇಪದೇ ಬರುತ್ತಿದೆ. ಕತೆ, ಕವಿತೆ ಬರೆಯುವವರು ಇನ್ನೂ ಹೆಚ್ಚು ಹೇಳುತ್ತಾರೆ. ‘ಇಲ್ಲಿ ಬರೆಯೋಕೆ ಏನಿದೆ? ಅನುಭವ ಬೇಕಲ್ವಾ?’ ಅನ್ನುವುದು ಅವರ ವಾದ. ಅವರು ಹೋಗುವುದಕ್ಕೆ ನನ್ನ ತಕರಾರಿಲ್ಲ. ಈ ವಾದದ ಜೊತೆ ಮಾತ್ರ ನನಗೆ ಜಗಳವಿದೆ.

ಹೋಗುವ ದಾರಿ ಈಗ ನಿಜಕ್ಕೂ ತೆರೆದಿದೆ. ಭಾರತ ಮತ್ತು ಆಸ್ಟ್ರೇಲಿಯಾ ನಡುವಿನ ವ್ಯಾಪಾರ ಒಪ್ಪಂದ 2022ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಅದರಂತೆ ವರ್ಷಕ್ಕೆ 1,000 ಭಾರತೀಯರಿಗೆ ‘ವರ್ಕ್ ಅಂಡ್ ಹಾಲಿಡೇ’ ವೀಸಾ. 2024ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಇದಕ್ಕೆ ಅರ್ಜಿ ಕರೆದರು. ಆಯ್ಕೆ ಲಾಟರಿಯ ಮೂಲಕ. ಬ್ರಿಟನ್ 2023ರಲ್ಲೇ ‘ಯಂಗ್ ಪ್ರೊಫೆಷನಲ್ಸ್’ ಹೆಸರಿನಲ್ಲಿ 3,000 ಜನರಿಗೆ ಎರಡು ವರ್ಷ ಇದ್ದು ದುಡಿಯುವ ಅವಕಾಶ ಕೊಟ್ಟಿತು. ಅಲ್ಲಿಯೂ ಲಾಟರಿಯೇ. ಎರಡಕ್ಕೂ ವಯಸ್ಸು 18ರಿಂದ 30. ಫೆಲೋಶಿಪ್ಪಿನ ಕಂತು ಕಾಯುತ್ತಾ ಇಪ್ಪತ್ತೆಂಟು ದಾಟಿದ ಸಂಶೋಧನಾ ವಿದ್ಯಾರ್ಥಿಗೆ ಇದು ಮುಚ್ಚಿಕೊಳ್ಳುತ್ತಿರುವ ಬಾಗಿಲು. ಆತುರ ಅರ್ಥವಾಗುವಂಥದ್ದೇ.

ಹಿರಿಯರು ಇದಕ್ಕೆ ಕೊಡುವ ಉತ್ತರ ನಮಗೆಲ್ಲ ಬಾಯಿಪಾಠ: ‘ಮಣ್ಣಿನ ವಾಸನೆ ಬಿಟ್ಟು ಹೋದರೆ ಏನು ಬರೀತೀರಿ?’ ಈ ಉತ್ತರವೂ ನನಗೆ ಒಪ್ಪಿಗೆಯಿಲ್ಲ. ಅನುಭವ ಅನ್ನುವುದು ಯಾವುದೋ ಒಂದು ಜಾಗದಲ್ಲಿ ಇಟ್ಟಿರುವ ಗಂಟು ಎಂದು ಇಬ್ಬರೂ ನಂಬಿದ್ದಾರೆ. ಒಬ್ಬರಿಗೆ ಆ ಗಂಟು ಮೆಲ್ಬರ್ನ್‌ನಲ್ಲಿದೆ, ಇನ್ನೊಬ್ಬರಿಗೆ ಅಜ್ಜನ ಹೊಲದಲ್ಲಿದೆ. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ಬರೆದ ‘ಸಂಸ್ಕಾರ’ದಲ್ಲಿ ಇರುವುದು ಮಲೆನಾಡಿನ ಅಗ್ರಹಾರ. ಬಿಟ್ಟು ಹೋದದ್ದರಿಂದ ಮಣ್ಣು ಕಳೆಯಲಿಲ್ಲ, ಹೋದ ಮಾತ್ರಕ್ಕೆ ಇಂಗ್ಲೆಂಡೇ ವಸ್ತುವಾಗಲೂ ಇಲ್ಲ.

ಕನ್ನಡದ ಬರಹಗಾರರು ಹೊರದೇಶ ನೋಡಿ ಬರೆದ ಪುಸ್ತಕಗಳಿಗೆ ಕೊರತೆಯಿಲ್ಲ. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ ಇವೆಲ್ಲ ನಮಗೆ ಲೋಕ ತೋರಿಸಿದ ಪುಸ್ತಕಗಳು. ಆದರೆ ನಮ್ಮ ಪ್ರವಾಸ ಕಥನವನ್ನು ಹೆಚ್ಚಾಗಿ ಬರೆದವರು ಓದಲು ಹೋದವರು, ಆಹ್ವಾನದ ಮೇಲೆ ಹೋದವರು, ಮಕ್ಕಳ ಮನೆಗೆ ಹೋದವರು. ಊಟದ ಮೇಜಿನ ಆಚೆ ತಟ್ಟೆ ತೊಳೆಯುತ್ತಿದ್ದವನ ದಿನಗೂಲಿ ಎಷ್ಟು ಎಂದು ಕೇಳುವ ಅಗತ್ಯ ಅತಿಥಿಗೆ ಬರುವುದು ಕಡಿಮೆ. ಅದು ಅವರ ದೋಷ ಎನ್ನಲಾರೆ. ಅವರು ಕೂತಿದ್ದ ಕುರ್ಚಿಯಿಂದ ಅಷ್ಟೇ ಕಾಣುತ್ತಿತ್ತು.

ಈಗ ಹೋಗುವವರಿಗೆ ಆ ಕುರ್ಚಿ ಇಲ್ಲ. ಹೆಸರಿನಲ್ಲಿ ‘ಹಾಲಿಡೇ’ ಇದ್ದರೂ ಈ ವೀಸಾ ನಿಂತಿರುವುದು ದುಡಿಮೆಯ ಮೇಲೆ. ಆಸ್ಟ್ರೇಲಿಯಾದ ಈ ವರ್ಗದ ವೀಸಾದಲ್ಲಿ ಎರಡನೇ ವರ್ಷ ಉಳಿಯಬೇಕೆಂದರೆ ಅವರು ಗೊತ್ತುಪಡಿಸಿದ ಪ್ರದೇಶಗಳಲ್ಲಿ, ಗೊತ್ತುಪಡಿಸಿದ ಕೆಲಸವನ್ನು ಮೂರು ತಿಂಗಳು ಮಾಡಿರಬೇಕು. ಆ ಪಟ್ಟಿಯಲ್ಲಿ ತೋಟದ ಕೆಲಸವೂ ಇದೆ. ಹಣ್ಣು ಕೀಳುವವರಿಗೆ ಅಲ್ಲಿ ಬಹುಕಾಲ ಕಿತ್ತ ಲೆಕ್ಕಕ್ಕೆ ಕೂಲಿ ಕೊಡುತ್ತಿದ್ದರು. ಎಷ್ಟು ಕಿತ್ತರೂ ಗಂಟೆಯ ಕನಿಷ್ಠ ಕೂಲಿ ಹುಟ್ಟುತ್ತಿಲ್ಲ ಎಂಬ ದೂರು ಹೋಗಿ, 2021ರಲ್ಲಿ ಅಲ್ಲಿನ ಫೇರ್ ವರ್ಕ್ ಕಮಿಷನ್ ಲೆಕ್ಕದ ಕೂಲಿಯವರಿಗೂ ಕನಿಷ್ಠ ವೇತನದ ಖಾತರಿ ಇರಬೇಕೆಂದು ತೀರ್ಮಾನಿಸಿತು. 2022ರ ಏಪ್ರಿಲಿನಿಂದ ಅದು ಜಾರಿಯಲ್ಲಿದೆ. ರಜೆ ಕಳೆಯಲು ಬಂದವರು ಎಂದು ನಾವು ತಿಳಿದಿದ್ದವರು ಆ ತೋಟಗಳಲ್ಲಿ ಕೂಲಿಕಾರರ ಸಾಲಿನಲ್ಲೇ ಇದ್ದರು.

ಲೆಕ್ಕದ ಕೂಲಿ ಗುಬ್ಬಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ತೆಂಗಿನಕಾಯಿ ಸುಲಿಯುವವರಿಗೆ ಕಾಯಿಗಿಷ್ಟು, ಅಡಿಕೆ ಸುಲಿಯುವ ಹೆಂಗಸರಿಗೆ ಸುಲಿದಷ್ಟಕ್ಕೆ ಇಷ್ಟು. ಸುಲಿಗತ್ತಿಯ ಮುಂದೆ ಕೂತವಳ ಬೆರಳು ಸಂಜೆಗೆ ಏನಾಗಿರುತ್ತದೆ ಎಂದು ನಮ್ಮಲ್ಲಿ ಎಷ್ಟೋ ಜನ ಮನೆಯಲ್ಲೇ ನೋಡಿದ್ದೇವೆ. ಕುಣಿಗಲ್ಲಿನಿಂದ ಬೆಳಗಿನ ಬಸ್ಸು ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಬರುವವರು, ವಸಂತನರಸಾಪುರದ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗುವವರು ನಮ್ಮ ಅಣ್ಣಂದಿರು, ಅಕ್ಕಂದಿರೇ. ಇದನ್ನು ನಾವು ಅನುಭವ ಎಂದು ಎಣಿಸುವುದಿಲ್ಲ. ಅದೇ ಕೆಲಸವನ್ನು ಕ್ವೀನ್ಸ್‌ಲ್ಯಾಂಡಿನಲ್ಲಿ ಮಾಡಿದರೆ ಅನುಭವ! ಮನೆಯ ಜಗಲಿಯಲ್ಲಿ ಕಾಣದ ದುಡಿಮೆ ಸಮುದ್ರ ದಾಟಿದ ಕೂಡಲೇ ಕಾಣಿಸುತ್ತದೆಯೇ? ಕಾಣಿಸದಿದ್ದರೆ ವಾಪಸ್ ಬಂದವರು ಬರೆಯುವುದು ಮತ್ತೆ ಅತಿಥಿಯ ಪುಸ್ತಕವನ್ನೇ: ಕಡಲತೀರ, ಕಾಫಿ, ಸ್ವಚ್ಛ ರಸ್ತೆ, ಕೊನೆಗೊಂದು ಊರಿನ ನೆನಪು.

ದುಡಿಮೆಯನ್ನು ಬರೆದವರು ನಮ್ಮಲ್ಲಿ ಇಲ್ಲವೇ? ಇದ್ದಾರೆ. ಹನೇಹಳ್ಳಿಯಿಂದ ಹೋಗಿ ಮುಂಬೈ ಕಂಪನಿಯಲ್ಲಿ ದುಡಿದ ಯಶವಂತ ಚಿತ್ತಾಲರು ‘ಶಿಕಾರಿ’ಯಲ್ಲಿ ಕೆಲಸದ ಜಾಗದ ಭಯವನ್ನೇ ಕಾದಂಬರಿ ಮಾಡಿದರು. ವ್ಯಾಸರಾಯ ಬಲ್ಲಾಳರ ‘ಬಂಡಾಯ’ದಲ್ಲಿ ಅದೇ ನಗರದ ಕಾರ್ಮಿಕರ ಹೋರಾಟವಿದೆ. ಹೊರಗೆ ನೋಡಿದರೆ ಜಾರ್ಜ್ ಆರ್ವೆಲ್. ಪ್ಯಾರಿಸ್ಸಿನ ಹೋಟೆಲಿನಲ್ಲಿ ಪಾತ್ರೆ ತೊಳೆದದ್ದನ್ನು ಅವರು 1933ರ ಪುಸ್ತಕದಲ್ಲಿ ಬರೆದರು. ಆ ಪುಸ್ತಕ ಇಂದಿಗೂ ಓದಿಸಿಕೊಳ್ಳುವುದು ಅದರಲ್ಲಿ ಗಂಟೆಯ ಲೆಕ್ಕ, ಹಣದ ಲೆಕ್ಕ, ಹಸಿವಿನ ಲೆಕ್ಕ ಇರುವುದರಿಂದ.

ಇನ್ನೂ ಹತ್ತಿರದ ಉದಾಹರಣೆ ನಮ್ಮ ಜಿಲ್ಲೆಯದೇ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ಊರಿಂದ ಊರಿಗೆ ಹೋಗಿ, ದುಡಿದು, ಉಂಡು ಮುಂದಕ್ಕೆ ಸಾಗುತ್ತಿತ್ತು. ನಮ್ಮ ಬೆಳ್ಳಾವೆಯ ನರಹರಿ ಶಾಸ್ತ್ರಿಗಳು, ಬಿ. ಪುಟ್ಟಸ್ವಾಮಯ್ಯನವರು ಆ ಕಂಪನಿಗೆ ನಾಟಕ ಬರೆದುಕೊಟ್ಟರು. ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆಬಿಟ್ಟು ಸೇರಿದ್ದು ಅಲ್ಲಿಗೇ. ಆ ತಿರುಗಾಟವನ್ನು ಯಾರೂ ರಜೆ ಅನ್ನಲಿಲ್ಲ. ವೀರಣ್ಣನವರ ಆತ್ಮಕಥೆಯ ಹೆಸರೇ ‘ಕಲೆಯೇ ಕಾಯಕ’. ದುಡಿಮೆ ಬೇರೆ, ಬರವಣಿಗೆ ಬೇರೆ, ಸುತ್ತಾಟ ಬೇರೆ ಎಂದು ಮೂರು ಡಬ್ಬಿ ಮಾಡಿಟ್ಟವರು ನಾವು, ಈಚಿನವರು.

ಇನ್ನೊಂದು ಪ್ರಶ್ನೆಯಿದೆ. ಹೋಗಲು ಸಾಧ್ಯ ಯಾರಿಗೆ? ಆಸ್ಟ್ರೇಲಿಯಾದ ಲಾಟರಿಗೆ ಹೆಸರು ಹಾಕಲು 25 ಡಾಲರ್ ಸಾಕು. ಹೆಸರು ಬಂದಮೇಲೆ ವೀಸಾ ಶುಲ್ಕ ಬೇರೆ, ವಿಮಾನದ ಟಿಕೆಟ್ ಬೇರೆ, ಇಂಗ್ಲಿಷ್ ಬರುತ್ತದೆಂಬ ಪುರಾವೆ ಬೇಕು, ಕೈಯಲ್ಲಿ ಸುಮಾರು 5,000 ಆಸ್ಟ್ರೇಲಿಯನ್ ಡಾಲರ್ ಇರಬೇಕು. ಅಂದರೆ ಎರಡೂವರೆ ಲಕ್ಷ ರೂಪಾಯಿಗೂ ಮೇಲೆ. ಅಡಿಕೆ ಸುಲಿಯುವವಳ ಮಗಳಿಗೆ ಲಾಟರಿ ಹೊಡೆದರೂ ವಿಮಾನ ಸಿಗುವುದು ಕಷ್ಟ. ಹೊರದೇಶದ ಒಂದು ವರ್ಷವೇ ಬರಹಗಾರನ ಅರ್ಹತೆ ಎಂದು ನಾವು ಮಾತಾಡತೊಡಗಿದರೆ, ಅವಳನ್ನು ಬರೆಯುವವರ ಸಾಲಿನಿಂದ ಆಚೆ ಕಳಿಸಿದಂತೆ. ಅವಳ ಹತ್ತಿರ ಇರುವ ತಿಳಿವಳಿಕೆಯನ್ನೇ ಪಡೆಯಲು ಇನ್ನೊಬ್ಬ ಲಕ್ಷಗಟ್ಟಲೆ ಸುರಿದು ಹೋಗುತ್ತಿದ್ದಾನೆ ಎನ್ನುವುದು ಇದರ ತಮಾಷೆ.

ಹೋಗುವವರು ಹೋಗಲಿ. ಆದರೆ ಬರೆಯುವಾಗ ಹೇಳಲಿ: ಗಂಟೆಗೆ ಎಷ್ಟು ಕೊಟ್ಟರು, ಬಾಡಿಗೆಗೆ ಎಷ್ಟು ಹಿಡಿದುಕೊಂಡರು, ಪಕ್ಕದ ಸಾಲಿನಲ್ಲಿ ಹಣ್ಣು ಕೀಳುತ್ತಿದ್ದವರು ಯಾವ ದೇಶದಿಂದ ಬಂದಿದ್ದರು, ಅವರಿಗೆ ವಾಪಸ್ ಹೋಗಲು ಟಿಕೆಟ್ ಇತ್ತೇ, ಕೈ ಎಲ್ಲಿ ಕೊಯ್ದುಕೊಂಡಿತು. ಸಂಪಾದಕರೂ ಈ ವಿವರಗಳನ್ನು ಬೇಸರದ ಲೆಕ್ಕವೆಂದು ಕತ್ತರಿಸದೆ ಬಿಡಲಿ. ಜೊತೆಗೆ, ಎಲ್ಲಿಗೂ ಹೋಗದೆ ಗುಬ್ಬಿಯ ತೋಟದಲ್ಲಿ ಕಾಯಿ ಸುಲಿಯುತ್ತಾ ಬರೆಯುವವನ ಪುಸ್ತಕ ಬಂದಾಗ ಅದನ್ನು ‘ಸ್ಥಳೀಯ ಸೊಗಡು’ ಎಂದು ಮೂಲೆಗಿಡದೆ ಅದೇ ಕಪಾಟಿನಲ್ಲಿ, ಅದೇ ಸಾಲಿನಲ್ಲಿ ಇಡಲಿ. ಇಬ್ಬರೂ ಬರೆದಿರುವುದು ಕೂಲಿಯನ್ನೇ.