ಕೊಡೆ ಹಿಡಿದು ನಿಂತ ಟೊಟೊರೊ

ಜಪಾನು ದೇಶದಲ್ಲಿ ಚಿತ್ರಗಳನ್ನು ಬರೆದು ಚಲಿಸುವಂತೆ ಮಾಡಿದ ಚಲಚ್ಚಿತ್ರಗಳಿಗೆ ‘ಆನಿಮೆ’ ಎಂದು ಹೆಸರು. ಇವು ಈಗ ನಮ್ಮ ಮನೆಗಳೊಳಗೂ ಬಂದಿರುವವೆಂಬದು ಪೋಷಕರಿಗೆಲ್ಲಾ ತಿಳಿದದ್ದೇ. ಪ್ರೌಢ ತರಗತಿಗೆ ಬಂದ ಹುಡುಗಿಯರು ಸಹ ಅವುಗಳಲ್ಲಿ ಬರುವ ಪ್ರಾಣಿಗಳ ಬೊಂಬೆಗಳನ್ನು ಪುಸ್ತಕದ ಚೀಲಕ್ಕೆ ತೂಗಹಾಕಿಕೊಂಡು ಬರುತ್ತಾರೆ. ಇಷ್ಟು ಬೆಳೆದ ಮೇಲೂ ಈ ಮುದ್ದಾಟವೇಕೆ ಎಂದು ಕೆಲವು ತಾಯಂದಿರು ನಮ್ಮೊಡನೆ ಬೇಸರದಿಂದ ಹೇಳಿದ್ದುಂಟು. ಇದು ಬರೇ ಹುಡುಗಾಟವೆಂದು ನಾವು ಎಣಿಸುವದಿಲ್ಲ. ಅದಕ್ಕೆ ಕಾರಣವನ್ನು ಒಂದೇ ಒಂದು ಸನ್ನಿವೇಶದಿಂದ ತೋರಿಸಬೇಕೆಂದಿದ್ದೇವೆ.

ಹಯಾವೊ ಮಿಯಾಝಾಕಿ ಎಂಬವರು ‘ನನ್ನ ನೆರೆಯ ಟೊಟೊರೊ’ ಎಂಬ ಅರ್ಥದ ಹೆಸರಿನ ಚಿತ್ರವನ್ನು 1988ರಲ್ಲಿ ಹೊರಪಡಿಸಿದರು. ಸಾತ್ಸುಕಿ, ಮೇ ಎಂಬ ಅಕ್ಕತಂಗಿಯರು ತಂದೆಯ ಸಂಗಡ ಹಳ್ಳಿಯ ಹಳೇ ಮನೆಗೆ ಬಂದು ನೆಲಸುತ್ತಾರೆ. ತಾಯಿಯು ಬಹು ಕಾಲದಿಂದ ಆಸ್ಪತ್ರೆಯಲ್ಲಿ ಇದ್ದಾಳೆ. ಮನೆಯ ಹತ್ತಿರದ ದೊಡ್ಡ ಕರ್ಪೂರದ ಮರದಲ್ಲಿ ವಾಸವಾಗಿರುವ ವನದೇವತೆಯಂಥ ಪ್ರಾಣಿಯೇ ಟೊಟೊರೊ. ಮಿಯಾಝಾಕಿಯವರ ತಾಯಿಯೂ ಅವರ ಬಾಲ್ಯದಲ್ಲಿ ಕ್ಷಯರೋಗದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು.

ನಾವು ಹೇಳಬೇಕೆಂದಿರುವ ಸನ್ನಿವೇಶವು ಒಂದು ಮಳೆಯ ದಿನದ್ದು. ಆ ದಿನ ಚಿಕ್ಕವಳಾದ ಮೇ ಮನೆಯಲ್ಲಿ ನಿಲ್ಲಲೊಲ್ಲದೆ ಅಳುತ್ತಾ ಅಕ್ಕನ ಶಾಲೆಗೇ ಬಂದುಬಿಡುತ್ತಾಳೆ. ಉಪಾಧ್ಯಾಯಿನಿಯು ಗದರಿಸದೆ ಆಕೆಯನ್ನು ಅಕ್ಕನ ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳುತ್ತಾಳೆ. (ತರಗತಿಯ ಶಿಸ್ತಿನ ವಿಷಯದಲ್ಲಿ ನಾವು ಬಿಗಿಯವರೆಂದು ಹಳೆಯ ವಿದ್ಯಾರ್ಥಿನಿಯರು ಬಲ್ಲರು, ಆದರೂ ಆ ಉಪಾಧ್ಯಾಯಿನಿಯ ನಡತೆಯನ್ನು ಮೆಚ್ಚದಿರಲು ನಮ್ಮಿಂದಾಗಲಿಲ್ಲ.) ಶಾಲೆ ಬಿಟ್ಟ ಮೇಲೆ ಮಳೆ ಹಿಡಿಯುತ್ತದೆ. ಅಕ್ಕತಂಗಿಯರು ದಾರಿಯ ಬದಿಯ ಚಿಕ್ಕ ಗುಡಿಯ ಮಾಡಿನ ಕೆಳಗೆ ನಿಂತಿರುವಾಗ ನೆರೆಮನೆಯ ಹುಡುಗ ಕಾಂತಾ ಮಾತಾಡಲು ನಾಚಿ, ತನ್ನ ಕೊಡೆಯನ್ನು ಅವರ ಮುಂದೆ ಚಾಚಿ, ಇಟ್ಟು, ತಾನು ನೆನೆಯುತ್ತಾ ಓಡಿಹೋಗುತ್ತಾನೆ. ಸಂಜೆ ಸಾತ್ಸುಕಿಯು ಆ ಕೊಡೆಯನ್ನು ಹಿಂದಕ್ಕೆ ಕೊಟ್ಟು, ತಂದೆಯ ಕೊಡೆಯನ್ನು ಹಿಡಿದುಕೊಂಡು, ತಂಗಿಯೊಡನೆ ಬಸ್ಸು ನಿಲ್ಲುವ ಸ್ಥಳಕ್ಕೆ ಹೋಗುತ್ತಾಳೆ. ಬಸ್ಸು ಬರುತ್ತದೆ, ಅದರಲ್ಲಿ ತಂದೆ ಇಲ್ಲ. ಕತ್ತಲಾಗುತ್ತದೆ. ಮೇ ನಿಂತಲ್ಲಿಯೇ ತೂಕಡಿಸುತ್ತಾಳೆ. ಅಕ್ಕನು ಆಕೆಯನ್ನು ಬೆನ್ನಿಗೆ ಹೊತ್ತುಕೊಂಡು, ಕೊಡೆಯನ್ನು ಭುಜಕ್ಕೆ ಆನಿಸಿಕೊಂಡು ಕಾಯುತ್ತಾಳೆ.

ಆಗ ಪಕ್ಕದಲ್ಲಿ ಯಾರೋ ಬಂದು ನಿಂತ ಹಾಗಾಗುತ್ತದೆ. ಕೊಡೆಯ ಅಂಚಿನ ಕೆಳಗೆ ಮೊದಲು ಕಾಣುವದು ಉಗುರುಗಳುಳ್ಳ ದೊಡ್ಡ ಪಾದಗಳು. ಟೊಟೊರೊ ತಲೆಯ ಮೇಲೆ ಒಂದು ಎಲೆಯನ್ನಿಟ್ಟುಕೊಂಡು, ಅದೇ ತನಗೆ ಸಾಕಾದ ಆಸರೆಯೆಂಬಂತೆ ನಿಂತಿರುತ್ತದೆ. ಸಾತ್ಸುಕಿಯು ತಂದೆಯ ಕೊಡೆಯನ್ನು ಕೊಟ್ಟು, ಹಿಡಿಯುವ ಬಗೆಯನ್ನು ತೋರಿಸುತ್ತಾಳೆ. ಮರದ ಎಲೆಗಳಿಂದ ಒಂದು ಹನಿ ಕೊಡೆಯ ಮೇಲೆ ಟಪ್ಪೆಂದು ಬೀಳುತ್ತದೆ. ಟೊಟೊರೊಗೆ ಆ ಸದ್ದು ಹೊಸದು. ಮತ್ತೆ ಕೆಲವು ಹನಿಗಳು ಬೀಳುತ್ತಲೇ ಅದರ ಕಣ್ಣು ಅರಳುತ್ತವೆ, ಮೈರೋಮ ನಿಮಿರುತ್ತದೆ. ಕಡೆಗೆ ತಡೆಯಲಾರದೆ ಆ ಮಹಾಕಾಯವು ಮೇಲಕ್ಕೆ ಹಾರಿ ಧೊಪ್ಪನೆ ನೆಲಕ್ಕೆ ಬೀಳುತ್ತದೆ. ಮರಗಳೆಲ್ಲಾ ಅಲುಗಿ, ಎಲೆಗಳಲ್ಲಿ ನಿಂತಿದ್ದ ನೀರೆಲ್ಲಾ ಒಂದೇ ಸಲ ಸುರಿಯುತ್ತದೆ. ಟೊಟೊರೊ ಆನಂದದಿಂದ ಗರ್ಜಿಸುತ್ತದೆ. ಲೋಕದ ನಾನಾ ದೇಶಗಳ ಜನರು ಈ ಚಿತ್ರದಲ್ಲಿ ಬಹಳವಾಗಿ ನೆನಪಿಟ್ಟುಕೊಂಡಿರುವದು ಈ ಕೆಲವು ನಿಮಿಷಗಳನ್ನೇ.

ಇದರಲ್ಲಿ ಅಷ್ಟೊಂದು ಮುದ್ದು ಎಲ್ಲಿಂದ ಬಂತು? ಕೊನ್ರಾಡ್ ಲೊರೆನ್ಸ್ ಎಂಬ ಪ್ರಾಣಿಶಾಸ್ತ್ರಜ್ಞರು 1943ರಲ್ಲಿ, ದೊಡ್ಡ ತಲೆ, ದೊಡ್ಡ ಕಣ್ಣು, ಉಬ್ಬಿದ ಕೆನ್ನೆಗಳುಳ್ಳ ಶಿಶುರೂಪವನ್ನು ಕಂಡರೆ ನಮ್ಮಲ್ಲಿ ವಾತ್ಸಲ್ಯವು ತಾನಾಗಿಯೇ ಹುಟ್ಟುವದೆಂದು ಬರೆದರು. ಬೊಂಬೆಯ ವ್ಯಾಪಾರಿಗಳು ಇದನ್ನು ಚೆನ್ನಾಗಿ ಬಲ್ಲರು. ಆದರೆ ಟೊಟೊರೊವಿನ ಆಕಾರವನ್ನು ನೋಡಿರಿ. ಅದು ಆಳಿಗಿಂತ ಎತ್ತರ. ಮೈಗೆ ಹೋಲಿಸಿದರೆ ಕಣ್ಣುಗಳು ಚಿಕ್ಕವು. ಬಾಯಿ ತೆರೆದರೆ ಹಲ್ಲುಗಳ ಸಾಲು. ಅಡವಿಯ ಕತ್ತಲಲ್ಲಿ ಇಂಥದ್ದು ಎದುರಾದರೆ ಮಗುವು ಚೀರಿಕೊಂಡು ಓಡಬೇಕು. ಆದಕಾರಣ ಮುದ್ದು ಇರುವದು ಆಕಾರದಲ್ಲಿ ಮಾತ್ರವಲ್ಲ. ಜಪಾನಿನವರು ಮುದ್ದಾದದ್ದಕ್ಕೆ ‘ಕವಾಯಿ’ ಎನ್ನುತ್ತಾರೆ. ಆ ಮಾತಿನ ಹಳೆಯ ರೂಪಕ್ಕೆ ಕನಿಕರವೆಂಬ ಅರ್ಥವೂ ಇತ್ತು. ಈ ಹಳೆಯ ಅರ್ಥವೇ ನಮಗೆ ದಾರಿ ತೋರಿಸಿತು.

ನಮ್ಮ ಕನಿಕರವು ಟೊಟೊರೊವಿನ ಮೇಲಲ್ಲ, ಅದರ ಪಕ್ಕದಲ್ಲಿ ನಿಂತಿರುವ ಅಕ್ಕನ ಮೇಲೆ. ತಾಯಿಯು ಇಲ್ಲದ ಮನೆಯಲ್ಲಿ ಬೆಳಿಗ್ಗೆ ಎದ್ದು ಎಲ್ಲರ ಬುತ್ತಿ ಕಟ್ಟುವವಳು ಅವಳು. ತಂಗಿಯನ್ನು ಸಂತೈಸುವವಳು ಅವಳು. ಅವಳು ಒಳ್ಳೇ ಹುಡುಗಿ. ಒಳ್ಳೇ ಹುಡುಗಿಯೆಂದು ಹೊಗಳಿ, ಮತ್ತೊಂದು ಹೊರೆಯನ್ನು ಹೊರಿಸುವದು ಜಪಾನಿನಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ನಮ್ಮ ಶಾಲೆಗೆ ತಡವಾಗಿ ಬರುವವರಲ್ಲಿ ಸೋಮಾರಿಗಳು ಕೆಲವರೇ. ತಮ್ಮತಂಗಿಯರ ತಲೆ ಬಾಚಿ, ಒಲೆಯ ಮೇಲಿನದನ್ನು ಇಳಿಸಿ ಬರುವ ಹಿರಿಯ ಮಗಳಂದಿರೇ ಹೆಚ್ಚು. ಆ ಬಸ್ಸಿನ ನಿಲ್ದಾಣದಲ್ಲಿ ಸಾತ್ಸುಕಿಗೆ ಯಾರೂ ಉಪದೇಶ ಮಾಡುವದಿಲ್ಲ. ಟೊಟೊರೊ ಆಕೆಯ ಹೊರೆಯನ್ನು ಇಳಿಸುವದೂ ಇಲ್ಲ. ಅದು ಆಕೆಯ ಜೊತೆಯಲ್ಲಿ ಕಾಯುತ್ತದೆ, ಅಷ್ಟೇ. ಅದಕ್ಕಿಂತಲೂ ಹೆಚ್ಚಾಗಿ, ಆಕೆ ಕೊಟ್ಟದ್ದರಿಂದ ಅದು ಆನಂದಪಡುತ್ತದೆ. ದಿನವೆಲ್ಲಾ ಕೊಡುತ್ತಲೇ ಇರುವ ಹುಡುಗಿಯ ಕೊಡುಗೆಯನ್ನು ಒಬ್ಬರಾದರೂ ಕಂಡು ಕುಣಿದರಲ್ಲಾ! ಹುಡುಗಿಯರು ನಗುತ್ತಾ ನೋಡುವ ಈ ಸ್ಥಳದಲ್ಲಿ ಕೆಲವರ ಕಣ್ಣು ಒದ್ದೆಯಾಗುವದೂ ಇದರಿಂದಲೇ ಎಂದು ನಾವು ತಿಳಿಯುತ್ತೇವೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಬೇಕು. ಈ ಚಿತ್ರದ ಪ್ರಸಿದ್ಧವಾದ ಭಿತ್ತಿಪತ್ರದಲ್ಲಿ ಟೊಟೊರೊವಿನ ಪಕ್ಕದಲ್ಲಿ ನಿಂತಿರುವವಳು ಒಬ್ಬಳೇ ಹುಡುಗಿ. ಮೊದಲಿನ ಕಲ್ಪನೆಯಲ್ಲಿ ಒಬ್ಬಳೇ ಇದ್ದಳು; ಬಳಿಕ ಆಕೆಯನ್ನು ಅಕ್ಕತಂಗಿಯರಾಗಿ ಇಬ್ಬಾಗಿಸಿದರು. ಸಾತ್ಸುಕಿ, ಮೇ ಎಂಬ ಎರಡು ಹೆಸರುಗಳೂ ವರುಷದ ಐದನೆಯ ತಿಂಗಳನ್ನೇ ಸೂಚಿಸುತ್ತವೆ. ಭಿತ್ತಿಪತ್ರವು ಅಂದವಾಗಿಯೇ ಇದೆ. ಆದರೆ ಅದರಲ್ಲಿ ಬೆನ್ನಿನ ಮೇಲೆ ನಿದ್ರಿಸುವ ತಂಗಿ ಇಲ್ಲ. ಆ ಭಾರವಿಲ್ಲದೆ ಹೋದರೆ ಉಳಿಯುವದು ಬೊಂಬೆ ಮಾತ್ರ. ಅಂಗಡಿಗಳಲ್ಲಿ ಮಾರುವದೂ ಅದನ್ನೇ. ಬೊಂಬೆಗೆ ಹಣ ಸುರಿಯಬಾರದೆಂದು ಗದರಿಸುವ ಪೋಷಕರನ್ನು ನಾವು ತಪ್ಪೆನ್ನುವದಿಲ್ಲ. ಆದರೆ ಮಗಳು ಚಿತ್ರವನ್ನು ನೋಡಿ ಪ್ರೀತಿಸಿದ್ದಾಳೋ, ಬರೇ ಅಂಗಡಿಯನ್ನು ನೋಡಿ ಪ್ರೀತಿಸಿದ್ದಾಳೋ ಎಂದು ಮೊದಲು ವಿಚಾರಿಸಿರಿ. ಚಿತ್ರವು ಒಂದೂವರೆ ಘಂಟೆಯೂ ಇಲ್ಲ. 86 ನಿಮಿಷಗಳು ಮಾತ್ರ. ಆಕೆಯ ಪಕ್ಕದಲ್ಲಿ ಕುಳಿತು ನೋಡುವದಕ್ಕೆ ಒಂದು ಭಾನುವಾರದ ಮಧ್ಯಾಹ್ನ ಸಾಕು.

ಟೊಟೊರೊ ಎಲೆಯಲ್ಲಿ ಕಟ್ಟಿದ ಬೀಜಗಳ ಪೊಟ್ಟಣವನ್ನು ಸಾತ್ಸುಕಿಯ ಕೈಗಿತ್ತು, ಬೆಕ್ಕಿನ ರೂಪದ ಬಸ್ಸನ್ನೇರಿ ಹೊರಟುಹೋಗುತ್ತದೆ, ತಂದೆಯ ಕೊಡೆಯ ಸಮೇತ. ಬಳಿಕ ತಂದೆಯ ಬಸ್ಸು ಬರುತ್ತದೆ. ತಡವಾಯಿತೆಂದು ಅವರು ಹೇಳುತ್ತಿರುವಾಗಲೇ ಮಕ್ಕಳಿಬ್ಬರೂ ಕಂಡದ್ದನ್ನೆಲ್ಲಾ ಒಟ್ಟಿಗೆ ಕೂಗಿ ಹೇಳುತ್ತಾ ಅವರನ್ನು ಮುತ್ತಿಕೊಳ್ಳುತ್ತಾರೆ. ಆ ಕೂಗಿನಲ್ಲಿ ಅಕ್ಕನ ಸ್ವರ ಯಾವದು, ತಂಗಿಯ ಸ್ವರ ಯಾವದು ಎಂದು ತಿಳಿಯುವದೇ ಕಷ್ಟ.